ಸುರಕ್ಷಾ ಕ್ಲಿನಿಕ್‌ನಲ್ಲಿ ಮೊದಲ ಪರೀಕ್ಷೆ: ಹೋಗಿ ಬಂದವರ ಮಾತು

ಕೇಳಿದವರು: ಕೆಲವು ವಾರಗಳ ಹಿಂದೆ ಕಾಂಡೋಮ್ ಇಲ್ಲದೆ ಸಂಪರ್ಕವಾಗಿತ್ತು. ಯಾವ ತೊಂದರೆಯೂ ಕಾಣಿಸಿಲ್ಲವಾದರೂ ಜಿಲ್ಲಾಸ್ಪತ್ರೆಯಲ್ಲಿ ಲೈಂಗಿಕ ಸೋಂಕುಗಳಿಗಾಗಿ ಇರುವ ಸುರಕ್ಷಾ ಕ್ಲಿನಿಕ್‌ನಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದಿದ್ದೇನೆ. ಅಲ್ಲಿ ಏನು ಕೇಳುತ್ತಾರೆ, ಏನು ಮಾಡುತ್ತಾರೆ ಎಂಬುದನ್ನು ಬಲ್ಲವರು ತಿಳಿಸಬೇಕು.

ಮೊದಲ ಉತ್ತರ: ರಕ್ತ ತೆಗೆಯುವುದಕ್ಕಿಂತ ಮಾತಿಗೇ ಹೆಚ್ಚು ಹೊತ್ತು ಹಿಡಿಯುತ್ತದೆ. ಐಸಿಟಿಸಿ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷೆಯ ಸರ್ಕಾರಿ ಕೇಂದ್ರದ ಆಪ್ತಸಮಾಲೋಚಕರು ಬಾಗಿಲು ಮುಚ್ಚಿಕೊಂಡು, ಕೊನೆಯ ಸಂಪರ್ಕ ಯಾವಾಗ ಆಯಿತು, ಯಾವ ಬಗೆಯದು, ಸಂಗಾತಿ ಗಂಡೋ ಹೆಣ್ಣೋ, ಸಿರಿಂಜ್ ಹಂಚಿಕೊಂಡದ್ದುಂಟೇ ಎಂದು ಕೇಳುತ್ತಾರೆ. ಇವು ನಡತೆಯ ವಿಚಾರಣೆಯಲ್ಲ. ಯಾವ ಪರೀಕ್ಷೆ ಬೇಕು, ಅದು ಈಗಲೇ ಫಲ ಕೊಡುತ್ತದೆಯೇ ಎಂಬುದು ಈ ಉತ್ತರಗಳಿಂದಲೇ ತೀರ್ಮಾನವಾಗುವುದರಿಂದ, ಸಂಕೋಚಕ್ಕೆ ದಿನಾಂಕವನ್ನು ಹಿಂದೆ ಮುಂದೆ ಮಾಡಿ ಹೇಳಿದರೆ ನಷ್ಟ ನಮಗೇ. ಒಪ್ಪಿಗೆ ಪಡೆದ ಮೇಲೆ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಗೆ ರಕ್ತ ತೆಗೆಯುತ್ತಾರೆ. ಎಚ್‌ಐವಿ ಪರೀಕ್ಷೆಗೆ ಶುಲ್ಕವಿಲ್ಲ. ಮೊದಲ ಕಿಟ್‌ನಲ್ಲಿ ಸೋಂಕಿನ ಸುಳಿವು ಕಂಡರೆ ಬೇರೆ ಎರಡು ಬಗೆಯ ಕಿಟ್‌ಗಳಲ್ಲಿಯೂ ಪರೀಕ್ಷಿಸಿಯೇ ಖಚಿತಪಡಿಸುತ್ತಾರೆ. ಆದ್ದರಿಂದ ವರದಿ ತಡವಾಯಿತೆಂದು, ಅಥವಾ ಇನ್ನೊಮ್ಮೆ ರಕ್ತ ಕೇಳಿದರೆಂದು ಅಲ್ಲಿಯೇ ಕೈಚೆಲ್ಲಬೇಡಿ.

ಎರಡನೆಯ ಉತ್ತರ: ಮಹಿಳೆಯರಿಗಾಗಿ ಎರಡು ಮಾತು ಸೇರಿಸುತ್ತೇನೆ. ಬಿಳಿಸೆರಗು, ಕೆಳಹೊಟ್ಟೆ ನೋವು, ಹುಣ್ಣು ಇದ್ದರೆ ವೈದ್ಯರು ಸ್ಪೆಕ್ಯುಲಂ ಎಂಬ, ಯೋನಿಯನ್ನು ಅಗಲಿಸಿ ನೋಡುವ ಉಪಕರಣ ಇಟ್ಟು ಒಳಪರೀಕ್ಷೆ ಮಾಡಬಹುದು. ಅದು ಸ್ವಲ್ಪ ಹೊತ್ತಿನ ಕಿರಿಕಿರಿ. ಮಹಿಳಾ ವೈದ್ಯರು ಬೇಕೆಂದು, ಇಲ್ಲವೇ ನರ್ಸ್ ಜೊತೆಯಲ್ಲಿರಲಿ ಎಂದು ಕೇಳಲು ಹಿಂಜರಿಯಬೇಡಿ. ನಾನು ಹೋದಲ್ಲಿ ಸಿಬ್ಬಂದಿಯೊಬ್ಬರು ಮದುವೆಯ ವಿಷಯವನ್ನು ಎಲ್ಲರೆದುರು ಗಟ್ಟಿಯಾಗಿ ಕೇಳಿದರು. "ಒಳಗೆ ಹೇಳುತ್ತೇನೆ" ಎಂದೆ, ಅಷ್ಟಕ್ಕೇ ಸುಮ್ಮನಾದರು. ಸರ್ಕಾರಿ ಕ್ಲಿನಿಕ್‌ಗಳಲ್ಲಿ ಲಕ್ಷಣ ನೋಡಿಯೇ, ಬಣ್ಣದ ಗುರುತಿನ ಔಷಧ ಕಿಟ್ ಕೊಟ್ಟು ಅಂದೇ ಚಿಕಿತ್ಸೆ ಆರಂಭಿಸುವ ಪದ್ಧತಿಯಿದೆ. ಸಂಗಾತಿಯನ್ನೂ ಕರೆತರಲು ಹೇಳುತ್ತಾರೆ; ಇಬ್ಬರಿಗೂ ಚಿಕಿತ್ಸೆಯಾಗದಿದ್ದರೆ ಸೋಂಕು ಮರಳಿ ಬರಬಹುದು.

ಮೂರನೆಯ ಉತ್ತರ: ಲಕ್ಷಣವೇ ಇಲ್ಲದವರಿಗೆ ಮೇಲಿನ ಪದ್ಧತಿ ಸಾಲದು, ಏಕೆಂದರೆ ಕ್ಲಮೈಡಿಯಾ ಎಂಬ ಲೈಂಗಿಕ ಸೋಂಕು ಎಷ್ಟೋ ಸಲ ಯಾವ ಸುಳಿವನ್ನೂ ಕೊಡುವುದಿಲ್ಲ. ಅದಕ್ಕೂ, ಅಂಥದೇ ಇನ್ನೊಂದು ಸೋಂಕಾದ ಗೊನೊರಿಯಾಕ್ಕೂ ಮೂತ್ರದ ಪಿಸಿಆರ್ (ರೋಗಾಣುವಿನ ವಂಶವಾಹಿಯನ್ನು ಹುಡುಕುವ) ಪರೀಕ್ಷೆಯನ್ನು ಖಾಸಗಿ ಪ್ರಯೋಗಾಲಯದಲ್ಲಿ ಮಾಡಿಸಬೇಕಾಗಬಹುದು. ಒಂದೆರಡು ಗಂಟೆ ಮೂತ್ರಕ್ಕೆ ಹೋಗದೆ ಇದ್ದು, ಆರಂಭದ ಮೂತ್ರವನ್ನೇ ಹಿಡಿದು ಕೊಡಬೇಕು, ನಡುವಿನದು ಬೇಡ. ಎಚ್‌ಐವಿ ವಿಷಯದಲ್ಲಿ, ಕೆಲವೇ ವಾರಗಳಲ್ಲಿ ಬಂದ ನೆಗೆಟಿವ್ ವರದಿಯನ್ನು ಕೊನೆಯದೆಂದು ತಿಳಿಯದೆ, ಸಂಪರ್ಕವಾಗಿ 3 ತಿಂಗಳಾದಾಗ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಿ. ಇದನ್ನು ಓದುತ್ತಿರುವ ಯಾರಿಗಾದರೂ ಸಂಪರ್ಕವಾಗಿ 72 ಗಂಟೆ ಕಳೆದಿಲ್ಲವಾದರೆ, ಪರೀಕ್ಷೆಗೆಂದು ಕಾಯದೆ ಇಂದೇ ಆಸ್ಪತ್ರೆಗೆ ಹೋಗಿ ಎಚ್‌ಐವಿ ಸೋಂಕು ತಗಲದಂತೆ ತಡೆಯಲು ಕೊಡುವ ಪಿಇಪಿ ಮಾತ್ರೆಯ ಬಗ್ಗೆ ಕೇಳಬೇಕು. ಅದನ್ನು 28 ದಿನ ತೆಗೆದುಕೊಳ್ಳಬೇಕಾಗುತ್ತದೆ. ಗುಟ್ಟು ಹೊರಬೀಳುವ ಭಯವಿದ್ದರೆ, ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವುದನ್ನೂ ಫಲಿತಾಂಶವನ್ನು ಇತರರಿಗೆ ತಿಳಿಸುವುದನ್ನೂ 2017ರ ಎಚ್‌ಐವಿ ಕಾಯ್ದೆ ಸಾಮಾನ್ಯವಾಗಿ ನಿಷೇಧಿಸುತ್ತದೆ ಎಂಬುದು ತಿಳಿದಿರಲಿ. ಹತ್ತಿರದ ಕೇಂದ್ರ ಯಾವುದೆಂದು 1097ಕ್ಕೆ ಉಚಿತವಾಗಿ ಕರೆ ಮಾಡಿ ಕೇಳಬಹುದು.