ರಾಣಿಪುರಂ ಗುಡ್ಡದ ಮೇಲೆ ರಾತ್ರಿ ಡೇರೆ ಹಾಕಬಹುದೇ? ಅಲ್ಲಿಂದ ಕೊಡಗಿಗೆ ಇಳಿಯಬಹುದೇ?

ಪ್ರಶ್ನೆ: ಮುಳ್ಳೇರಿಯ ಕಡೆಯ ಅಧ್ಯಾಪಕ

ಎಲ್ಲರಿಗೂ ನಮಸ್ಕಾರ. ಜನವರಿ ಕೊನೆಯ ವಾರದಲ್ಲಿ ನಮ್ಮ ಕಾಲೇಜಿನ 22 ಮಂದಿ ವಿದ್ಯಾರ್ಥಿಗಳನ್ನು ಕಾಸರಗೋಡು ಜಿಲ್ಲೆಯ ರಾಣಿಪುರಂಗೆ, ಅಂದರೆ ಹಿರಿಯರು ಈಗಲೂ ಮಾಡತ್ತುಮಲೆ ಎಂದೇ ಕರೆಯುವ ಗುಡ್ಡಕ್ಕೆ, ಚಾರಣಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ಮೇಲಿನ ಹುಲ್ಲುಗಾವಲಿನಲ್ಲಿ ಡೇರೆ ಹಾಕಿ, ಗಂಜಿ ಬೇಯಿಸಿ, ರಾತ್ರಿ ಕಳೆದು, ಸೂರ್ಯೋದಯ ನೋಡಿದ ಮೇಲೆ ಕೊಡಗಿನ ಬದಿಗೆ ಇಳಿದು, ಕರಿಕೆಯ ಮೂಲಕ ಭಾಗಮಂಡಲಕ್ಕೆ ಹೋಗುವುದು ನಮ್ಮ ಯೋಜನೆ. ಚಾರಣ ಏರ್ಪಡಿಸುವ ಒಬ್ಬರು ಡೇರೆ ಮತ್ತು ಕ್ಯಾಂಪ್‌ಫೈರ್ ಸೇರಿಸಿ ತಲೆಗಿಷ್ಟು ಎಂದು ಮುಂಗಡ ಹಣ ಪಡೆದಿದ್ದಾರೆ. ಅನುಮತಿಯ ವಿಚಾರ ಕೇಳಿದರೆ "ಅದು ನಮಗೆ ಬಿಡಿ" ಎನ್ನುತ್ತಾರೆಯೇ ಹೊರತು ಒಂದು ಕಾಗದವನ್ನೂ ತೋರಿಸಿಲ್ಲ. ಮಕ್ಕಳ ಹೊಣೆ ನನ್ನದಾದ್ದರಿಂದ ನಿಯಮ ಏನೆಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಪಾಣತ್ತೂರು ಸಮೀಪದ ಕೃಷಿಕ

ನೀವು ಕೇಳಿದ ಎರಡಕ್ಕೂ ಉತ್ತರ 'ಇಲ್ಲ' ಎಂದೇ. ಆದರೆ ಎರಡಕ್ಕೂ ಕಾರಣ ಬೇರೆ ಬೇರೆ.

ರಾಣಿಪುರಂ ಕೇರಳದ ಅರಣ್ಯ ಇಲಾಖೆಗೆ ಸೇರಿದ ಮೀಸಲು ಅರಣ್ಯ. ಚಾರಣದ ಮೇಲ್ವಿಚಾರಣೆಯನ್ನು ಸ್ಥಳೀಯ ವನ ಸಂರಕ್ಷಣಾ ಸಮಿತಿಯವರು ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ದ್ವಾರದಲ್ಲಿ ಟಿಕೆಟ್ ಪಡೆದು, ಗುರುತು ಮಾಡಿದ ದಾರಿಯಲ್ಲೇ ಹತ್ತಿ, ಕತ್ತಲಾಗುವ ಮೊದಲು ಎಲ್ಲರೂ ಇಳಿದಿರಬೇಕು. ಆ ಟಿಕೆಟ್ ಹಗಲಿಗೆ ಮಾತ್ರ, ಆ ಒಂದು ದಾರಿಗೆ ಮಾತ್ರ. ಅದನ್ನು ಮೀರಿ ಕಾಡಿನೊಳಗೆ ಇರುವುದು, ಅಲ್ಲಿ ಬೆಂಕಿ ಹಚ್ಚುವುದು 1961ರ ಕೇರಳ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ.

ಗುಡ್ಡದ ಆಚೆ ಬದಿಯದು ತಲಕಾವೇರಿ ವನ್ಯಜೀವಿ ಅಭಯಾರಣ್ಯ. 1987ರಲ್ಲಿ ಘೋಷಣೆಯಾದ ಆ ಕಾಡು ಕರ್ನಾಟಕದ ಅರಣ್ಯ ಇಲಾಖೆಯ ಅಧೀನದಲ್ಲಿದೆ, ಮತ್ತು ಅಲ್ಲಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅದರ ಸೆಕ್ಷನ್ 27ರಂತೆ ಕರ್ತವ್ಯದ ಮೇಲಿರುವ ಸರಕಾರಿ ನೌಕರರು, ಒಳಗೆ ಭೂಮಿಯ ಹಕ್ಕುಳ್ಳವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು ಮುಂತಾದ ಕೆಲವರನ್ನು ಬಿಟ್ಟರೆ ಉಳಿದವರು ಸೆಕ್ಷನ್ 28ರ ಪರವಾನಗಿಯಿಲ್ಲದೆ ಅಭಯಾರಣ್ಯದೊಳಗೆ ಕಾಲಿಡುವಂತಿಲ್ಲ. ಕೇರಳದ ದ್ವಾರದಲ್ಲಿ ಕೊಟ್ಟ ಟಿಕೆಟಿಗೆ ದಿಣ್ಣೆಯ ಆಚೆ ಬೆಲೆಯಿಲ್ಲ. ಅಲ್ಲಿ ಬೇಲಿಯೂ ಇಲ್ಲ, ದಾರಿಯಂತೆ ಕಾಣುವ ಆನೆಜಾಡುಗಳು ಬೇಕಾದಷ್ಟಿವೆ. ಹಾಗಾಗಿ ಇಲ್ಲಿಂದ ಇಳಿದರೆ ಆಯಿತಲ್ಲ ಎಂದು ಹೊರಗಿನಿಂದ ಬಂದವರಿಗೆ ಅನಿಸುವುದು ಸಹಜ. 2022ರ ತಿದ್ದುಪಡಿಯ ನಂತರ ಈ ಕಾಯ್ದೆಯ ಸಾಮಾನ್ಯ ಉಲ್ಲಂಘನೆಗೂ ದಂಡ ಒಂದು ಲಕ್ಷ ರೂಪಾಯಿಯವರೆಗೆ, ಸೆರೆವಾಸ ಮೂರು ವರ್ಷದವರೆಗೆ ಆಗಬಹುದು. 22 ಮಕ್ಕಳ ಹೆಸರು ಅಂಥ ಒಂದು ಪ್ರಕರಣದಲ್ಲಿ ಬರುವುದನ್ನು ನೀವು ಬಯಸಲಾರಿರಿ.

ನಾನು ಕಣ್ಣಾರೆ ಕಂಡದ್ದನ್ನೂ ಹೇಳಬೇಕು. ಒಂದು ಬೇಸಗೆಯಲ್ಲಿ ಮೇಲಿನ ಮುಳಿಹುಲ್ಲಿನ ನಡುವೆ ಮೂರು ಕಲ್ಲು ಜೋಡಿಸಿ ಒಲೆ ಮಾಡಿದ ಗುರುತು ಕಂಡಿತು. ಕಲ್ಲುಗಳ ಒಳಮೈ ಕಪ್ಪಾಗಿತ್ತು. ಬೂದಿಯಿಂದ ಒಂದು ಅಂಗೈ ದೂರದವರೆಗೆ ಹುಲ್ಲಿನ ಬುಡ ಸುಟ್ಟು ನಿಂತಿತ್ತು. ಇನ್ನೊಂದು ಅಂಗೈ ದಾಟಿದ್ದರೆ ಇಡೀ ಇಳಿಜಾರೇ ಹೋಗುತ್ತಿತ್ತು. ಅಲ್ಲಿಂದ ಸ್ವಲ್ಪ ಕೆಳಗೆ, ಶೋಲಾ ಕಾಡಿನ (ಹುಲ್ಲುಗಾವಲಿನ ನಡುವಿನ ಮಡಿಲುಗಳಲ್ಲಿ ಬೆಳೆಯುವ ನಿತ್ಯಹಸಿರು ಕಾಡು) ಅಂಚಿನಲ್ಲಿ ಆನೆಯ ಲದ್ದಿ ಬಿದ್ದಿತ್ತು. ಕೋಲಿನಿಂದ ಬಿಡಿಸಿ ನೋಡಿದಾಗ ನಾರಿನ ನಡುವೆ ನೂಡಲ್ಸಿನ ಮಸಾಲೆ ಪೊಟ್ಟಣದ ಬೆಳ್ಳಿ ಬಣ್ಣದ ಹಾಳೆ ಮಡಿಕೆ ಮಡಿಕೆಯಾಗಿ ಹಾಗೆಯೇ ಇತ್ತು. ಉಪ್ಪಿನ ವಾಸನೆಗೆ ಆನೆ ಅದನ್ನು ತಿಂದಿರಬೇಕು. ಅಭಯಾರಣ್ಯದಲ್ಲಿ ಕಸ ಎಸೆಯುವುದನ್ನು ಅದೇ ಸೆಕ್ಷನ್ 27 ನಿಷೇಧಿಸುತ್ತದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ.

ಉತ್ತರ 2: ತಾಳವಾಡಿಯಿಂದ

ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ ಬದುಕುವವನಾಗಿ ಒಂದೆರಡು ಮಾತು ಸೇರಿಸುತ್ತೇನೆ. ಹಾಸನೂರು, ದಿಂಬಂ ದಾರಿಯಲ್ಲಿ ಹೋಗುವ ಪ್ರವಾಸಿಗರು ರಸ್ತೆ ಸರಕಾರದ್ದೆಂದು ವಾಹನ ನಿಲ್ಲಿಸಿ ನಾಲ್ಕು ಹೆಜ್ಜೆ ಕಾಡಿನೊಳಗೆ ನಡೆದು ಊಟಕ್ಕೆ ಕೂರುತ್ತಾರೆ. ಹೆದ್ದಾರಿಯಲ್ಲಿ ಹಾದುಹೋಗಲು ಮಾತ್ರ ವಿನಾಯಿತಿಯಿದೆ. ಕಾಲು ಡಾಂಬರು ಬಿಟ್ಟ ಕೂಡಲೇ ಪರವಾನಗಿ ಬೇಕು. ನೀವು ಕರಿಕೆ–ಭಾಗಮಂಡಲ ರಸ್ತೆಯಲ್ಲಿ ವಾಹನದಲ್ಲಿ ಹೋಗುವಾಗಲೂ ಇದು ನೆನಪಿರಲಿ.

ಜನವರಿ ಕೊನೆ ಎಂದಿದ್ದೀರಿ. ನನಗೆ ಹೆಚ್ಚು ಅಳುಕಾಗಿದ್ದು ಅದನ್ನು ಓದಿ. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಿಗರು ಕಾಡುಕಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಮಂದಿ ಸತ್ತರು. ಆ ದುರಂತದ ಬಳಿಕವೇ ತಮಿಳುನಾಡು ಅದೇ ವರ್ಷ ಚಾರಣಕ್ಕೆಂದು ಪ್ರತ್ಯೇಕ ನಿಯಮಾವಳಿಯನ್ನು ತಂದಿತು. ಒಣಹುಲ್ಲಿನ ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ಬಹಳ ವೇಗವಾಗಿ ಏರುತ್ತದೆ, ಏಕೆಂದರೆ ಜ್ವಾಲೆ ಗುಡ್ಡದ ಕಡೆಗೆ ಬಾಗಿ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿರುತ್ತದೆ. ಹೆದರಿದ ಮನುಷ್ಯನೂ ಮೇಲಕ್ಕೇ ಓಡುತ್ತಾನೆ. ಓಡಬೇಕಾದದ್ದು ಪಕ್ಕಕ್ಕೆ, ಬಂಡೆಯತ್ತ ಅಥವಾ ಆಗಲೇ ಸುಟ್ಟು ಆರಿದ ನೆಲದತ್ತ ಎಂಬುದನ್ನು ಹೊರಡುವ ಮೊದಲೇ ಮಕ್ಕಳಿಗೆ ಹೇಳಿಕೊಡಿ. ಸಾಧ್ಯವಿದ್ದರೆ ಮುಂದಿನ ನವೆಂಬರಿಗೆ ಮುಂದೂಡಿ. ಮಳೆ ಮುಗಿದು ಹುಲ್ಲು ಇನ್ನೂ ಹಸಿರಾಗಿರುತ್ತದೆ.

ಉತ್ತರ 3: ಪೆರ್ಲದಿಂದ

ನಿಯಮಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಅಜ್ಜಂದಿರು ದನ ಮೇಯಿಸಲು, ಜೇನು ತೆಗೆಯಲು, ಮುಳಿ ಕೊಯ್ಯಲು ಯಾವ ಚೀಟಿಯೂ ಇಲ್ಲದೆ ಇಂಥ ಗುಡ್ಡಗಳಲ್ಲಿ ರಾತ್ರಿ ಕಳೆದವರು. ಬೆಂಕಿಯನ್ನೂ ಹಾಕುತ್ತಿದ್ದರು. ಆಗ ಉಳಿದ ಕಾಡು ಈಗ ಇಪ್ಪತ್ತೆರಡು ವಿದ್ಯಾರ್ಥಿಗಳ ಒಂದು ರಾತ್ರಿಯಿಂದ ಹಾಳಾಗುತ್ತದೆಯೇ? ಕಾಡಿನಲ್ಲಿ ಒಂದು ರಾತ್ರಿಯನ್ನೂ ಕಳೆಯದ ಮಕ್ಕಳಿಗೆ ಅದರ ಮೇಲೆ ಪ್ರೀತಿ ಹುಟ್ಟುವುದು ಹೇಗೆ?

ಉತ್ತರ 4: ಪಾಣತ್ತೂರು ಸಮೀಪದ ಕೃಷಿಕ

ನಿಮ್ಮ ಕೊನೆಯ ಪ್ರಶ್ನೆ ನನ್ನನ್ನೂ ಕಾಡುತ್ತದೆ. ಆದರೆ ಅಜ್ಜಂದಿರ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ. ಅವರು ವರ್ಷವಿಡೀ ಅದೇ ಗುಡ್ಡವನ್ನು ನೋಡುತ್ತಿದ್ದವರು. ಗಾಳಿ ಯಾವ ಹೊತ್ತಿಗೆ ತಿರುಗುತ್ತದೆ, ಆನೆ ಯಾವ ತೋಡಿಗೆ ನೀರಿಗೆ ಇಳಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅಂಥವರ ಹಕ್ಕನ್ನು ಕಾನೂನೂ ಕಡೆಗಣಿಸಿಲ್ಲ. ಮೇವು, ಜೇನಿನಂಥ ಕಿರು ಅರಣ್ಯ ಉತ್ಪನ್ನಗಳ ಮೇಲೆ ಅರಣ್ಯವಾಸಿಗಳಿಗಿರುವ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ಮಾನ್ಯ ಮಾಡಿದೆ. ರಜಾದಿನಕ್ಕೆ ಬಂದು ಹೋಗುವ ನಾವು ಆ ಹಕ್ಕನ್ನು ಕೇಳಲಾಗದು. ಅಲ್ಲದೆ ಇಪ್ಪತ್ತೆರಡು ಮಂದಿಯ ಒಂದು ರಾತ್ರಿಗೆ ಒಪ್ಪಿದರೆ ಮರುವಾರ ಇನ್ನೊಂದು ತಂಡಕ್ಕೆ ಯಾವ ಮುಖದಿಂದ ಬೇಡವೆನ್ನುವುದು? 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರಗಳನ್ನು ನಾವೆಲ್ಲರೂ ನೋಡಿದ್ದೇವೆ. ಕರ್ನಾಟಕ ಸರಕಾರ ಆನ್‌ಲೈನ್ ನೋಂದಣಿಯ ವ್ಯವಸ್ಥೆ ಆಗುವವರೆಗೆ ಚಾರಣವನ್ನೇ ತಡೆಯಬೇಕಾಯಿತು.

ಗುಡ್ಡದ ಬುಡದಲ್ಲಿ ಪ್ರವಾಸೋದ್ಯಮ ಇಲಾಖೆಯ ವಸತಿಗೃಹಗಳಿವೆ. ಕಾಡಿನ ಪಕ್ಕದಲ್ಲೇ ರಾತ್ರಿ ಕಳೆಯಬೇಕೆಂದರೆ ಅಲ್ಲಿ ತಂಗಿ, ಬೆಳಿಗ್ಗೆ ದ್ವಾರ ತೆರೆಯುತ್ತಲೇ ಹತ್ತಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಮುಂಗಡ ಹಣವನ್ನು ಹಿಂದಿರುಗಿಸಲು ಆ ಸಂಘಟಕರನ್ನು ಕೇಳಿದ್ದೇನೆ. ಈ ವರ್ಷದ ಯೋಜನೆಯನ್ನು ಕೈಬಿಟ್ಟು ನವೆಂಬರಿನಲ್ಲಿ ಬುಡದಲ್ಲಿ ತಂಗಿ, ಹಗಲು ಹತ್ತಿ ಇಳಿದು, ಮರುದಿನ ರಸ್ತೆಯ ಮೂಲಕವೇ ಭಾಗಮಂಡಲಕ್ಕೆ ಹೋಗುತ್ತೇವೆ. ಊಟಕ್ಕೆ ಬಾಳೆಎಲೆಯಲ್ಲಿ ಕಟ್ಟಿದ ಬುತ್ತಿ ಒಯ್ಯಬಹುದಲ್ಲವೇ?

ಉತ್ತರ 5: ಪಾಣತ್ತೂರು ಸಮೀಪದ ಕೃಷಿಕ

ಬುತ್ತಿಯನ್ನು ಬುಡದಲ್ಲಿ ಇಳಿದ ಮೇಲೆ ಉಣ್ಣಿ. ಮೇಲಕ್ಕೆ ಸ್ಟೀಲ್ ಬಾಟಲಿಯಲ್ಲಿ ನೀರು ಮಾತ್ರ ಸಾಕು, ಹೋಗಿ ಬರಲು ಅರ್ಧ ದಿನ ಸಾಕಾಗುತ್ತದೆ. ಬಾಳೆಎಲೆ ಕೊಳೆಯುತ್ತದೆ ನಿಜ, ಆದರೆ ಅದಕ್ಕೆ ಅಂಟಿದ ಉಪ್ಪು, ಅನ್ನದ ವಾಸನೆ ಆನೆಯನ್ನು ದಾರಿಗೇ ಕರೆಯುತ್ತದೆ. ದ್ವಾರದ ಬಳಿಯ ಸೂಚನೆಗಳ ಮಲಯಾಳವನ್ನು ಓದಲಾರದ ಮಕ್ಕಳು ನಿಮ್ಮಲ್ಲಿದ್ದರೆ, ಹತ್ತುವ ಮೊದಲು ಅಲ್ಲೇ ನಿಲ್ಲಿಸಿ ಒಂದೊಂದನ್ನೂ ಕನ್ನಡದಲ್ಲಿ ಓದಿ ಹೇಳಿ. ನವೆಂಬರಿನಲ್ಲಿ ಜಿಗಣೆ ಇನ್ನೂ ಇರುತ್ತದೆ. ಉದ್ದ ಕಾಲುಚೀಲ ಹಾಕಿಸಿ.