ಸಹಾಯ ಬೇಕು: ಕೆನಡಾದಲ್ಲಿ ಸ್ಪ್ರೇ ಫೋಮ್ ಇನ್‌ಸ್ಟಾಲರ್ ಸರ್ಟಿಫಿಕೇಟ್ ಬಗ್ಗೆ

ಎಲ್ರಿಗೂ ನಮಸ್ಕಾರ, ಒಂಟಾರಿಯೋ ಕಡೆ ಇನ್ಸುಲೇಶನ್ (ಮನೆ ಗೋಡೆಗೆ ಚಳಿ ತಡೆಯೋ ಫೋಮ್ ಹೊಡೆಯೋ ಥರದ) ಕೆಲಸದಲ್ಲಿ ಇರೋ ಕನ್ನಡದವ್ರು ಯಾರಾದ್ರೂ ಇದ್ರೆ ದಯವಿಟ್ಟು ದಾರಿ ಹೇಳಿ. ನನ್ ತಮ್ಮ ಅಲ್ಲಿ ಒಬ್ರು ಕಾಂಟ್ರಾಕ್ಟರ್ ಹತ್ರ ಹೆಲ್ಪರ್ ಆಗಿದಾನೆ, ಹೋಸ್ ಎಳೆಯೋದು, ಕಿಟಕಿಗೆ ಪ್ಲಾಸ್ಟಿಕ್ ಕಟ್ಟೋದು ಇಷ್ಟೇ ಇತ್ತು, ಈಗ ಫೋಮ್ ಹೊಡೆಯೋ ಗನ್ ಹಿಡ್ಕೊ ಅಂತಿದಾರಂತೆ ಆದ್ರೆ ಟ್ರೈನಿಂಗ್ ಮಾತೇ ಎತ್ತಲ್ಲ. ಕ್ಲೋಸ್ಡ್ ಸೆಲ್ ಫೋಮ್ (ಗಟ್ಟಿ ಥರದ್ದು) ಹೊಡೆಯೋಕೆ ಅಲ್ಲಿ ಕ್ಯಾನ್/ಯುಎಲ್‌ಸಿ ಎಸ್705.2 ಸ್ಟ್ಯಾಂಡರ್ಡ್ ಪ್ರಕಾರ ಸರ್ಟಿಫೈ ಆಗಿರ್ಬೇಕು, ಡೆನ್ಸಿಟಿ ಎಷ್ಟಿದೆ, ಗೋಡೆಗೆ ಸರಿಯಾಗಿ ಅಂಟಿದ್ಯಾ ಅಂತ ಟೆಸ್ಟ್ ಮಾಡಿ ಬರೆದಿಡ್ಬೇಕು. ಒಂದೇ ಸಲಕ್ಕೆ ದಪ್ಪ ಹೊಡೆದ್ರೆ ಒಳಗಡೆ ಬಿಸಿ ಏರಿ ಬೆಂಕಿ ಹತ್ಕೊಳ್ಳೋದೂ ಉಂಟು.

ನಂಗೆ ಅದಕ್ಕಿಂತ ಭಯ ಐಸೋಸಯನೇಟ್‌ದು, ಅಂದ್ರೆ ಫೋಮ್ ಮಾಡೋಕೆ ಬೆರೆಸೋ ಕೆಮಿಕಲ್‌ದು. ಒಂದ್ಸಲ ಮೈಗೆ ಅದ್ರ ಅಲರ್ಜಿ ಶುರು ಆದ್ರೆ ಆಮೇಲೆ ಚೂರು ಉಸಿರಿಗೆ ಹೋದ್ರೂ ಆಸ್ತಮಾ ಬರ್ಬಹುದು, ಸಾದಾ ಮಾಸ್ಕ್ ಏನೇನೂ ಸಾಲಲ್ಲ, ಹೊರಗಿಂದ ಗಾಳಿ ಕೊಡೋ ರೆಸ್ಪಿರೇಟರೇ ಬೇಕು.

ಸಿಯುಎಫ್‌ಸಿಎ (ಅಲ್ಲಿನ ಫೋಮ್ ಕಾಂಟ್ರಾಕ್ಟರ್‌ಗಳ ಸಂಘ) ಥರದ ಸಂಸ್ಥೆಲಿ ಕೋರ್ಸ್ ಮಾಡ್ದವ್ರು ಇದೀರಾ? ಅವ್ನೇ ಸ್ವಂತವಾಗಿ ಸೇರ್ಬಹುದಾ, ಇಲ್ಲಾ ಕಾಂಟ್ರಾಕ್ಟರ್ ಮೂಲಕನೇ ಹೋಗ್ಬೇಕಾ? ಫೀಸ್ ಎಷ್ಟಾಯ್ತು, ಪರೀಕ್ಷೆ ಆದ್ಮೇಲೆ ಕಾರ್ಡ್ ಬರೋಕೆ ಎಷ್ಟು ದಿನ ಹಿಡೀತು? ಅಲ್ಲೀವರ್ಗೂ ಗನ್ ಮುಟ್ಬೇಡ ಅಂದಿದೀನಿ, ಅದಕ್ಕೇ ಬೇಗ ತಿಳಿಸಿ.