ಏಳು ತಿಂಗಳಿಗೇ ಬೋರ್ ಮೋಟರ್ ಸುಟ್ಟಿದೆ, ವಾರಂಟಿ ಬರುತ್ತಾ?

ಪ್ರಶ್ನೆ – ಶ್ರೀನಿವಾಸಪುರದ ರೈತ
7.5 ಎಚ್‌ಪಿ ಸಬ್‌ಮರ್ಸಿಬಲ್, 3 ಫೇಸ್. ಕಾರ್ಡಲ್ಲಿ 12 ತಿಂಗಳು ಅಂತಿದೆ. ಡೀಲರ್ "ಕಾಯಿಲ್ ಸುಟ್ರೆ ವಾರಂಟಿ ಇಲ್ಲ" ಅಂತಾರೆ. ಮತ್ತೆ ಯಾವುದಕ್ಕಿದೆ? ಟೊಮೇಟೊ ಬಾಡ್ತಿದೆ, ರಿವೈಂಡಿಂಗ್‌ಗೆ ಕೊಟ್ಟುಬಿಡ್ಲಾ?

ಉತ್ತರ – ಮೋಟರ್ ಮೆಕ್ಯಾನಿಕ್, ಕೋಲಾರ
ಬಿಚ್ಚಿಸಬೇಡಿ ಅಣ್ಣ. ಹೊರಗಿನ ಅಂಗಡಿಯಲ್ಲಿ ಒಂದು ಬೋಲ್ಟ್ ಸಡಿಲಿಸಿದ್ರೂ ಕ್ಲೇಮ್ ತಳ್ಳಿಹಾಕೋಕೆ ಅದೇ ಸಾಕು.

ವಾರಂಟಿ ಇರೋದು ತಯಾರಿಕೆ ದೋಷಕ್ಕೆ: ಬೇರಿಂಗ್, ಶಾಫ್ಟ್, ಸೀಲ್, ಎರಕದಲ್ಲಿ ಬಿರುಕು, ವೈರಿನ ಇನ್ಸುಲೇಷನ್. ಲೋ ವೋಲ್ಟೇಜ್, ಡ್ರೈ ರನ್ (ನೀರಿಲ್ಲದೆ ಓಡೋದು), ಮರಳು, ಕೇಬಲ್ ಜಾಯಿಂಟ್, ಇವು ಬರಲ್ಲ.

ಕಾಯಿಲ್ ಸುಟ್ಟ ರೀತಿ ನೋಡಿದ್ರೇ ಕಾರಣ ಗೊತ್ತಾಗುತ್ತೆ. ಸ್ಟಾರ್ ಕನೆಕ್ಷನ್ (ಮೂರೂ ಕಾಯಿಲಿನ ಒಂದೊಂದು ತುದಿ ಒಂದೇ ಕಡೆ ಸೇರಿಸಿರೋ) ಮೋಟರಲ್ಲಿ ಎರಡು ಫೇಸಿನ ಕಾಯಿಲ್ ಸುಟ್ಟು ಮೂರನೇದು ಹೊಸದರ ಹಾಗೇ ಇದ್ರೆ, ಒಂದು ಫೇಸ್ ಹೋದಾಗಲೂ ಮೋಟರ್ ಓಡಿದೆ ಅಂತ ಅರ್ಥ. ಡೆಲ್ಟಾದಲ್ಲಾದ್ರೆ (ಕಾಯಿಲ್‌ಗಳನ್ನ ತ್ರಿಕೋನದ ಹಾಗೆ ಜೋಡಿಸಿರೋದು) ಒಂದೇ ಫೇಸ್ ಸುಡುತ್ತೆ. ಮೂರೂ ಒಂದೇ ಸಮ ಸುಟ್ಟಿದ್ರೆ ಓವರ್‌ಲೋಡ್ ಇಲ್ಲವೇ ಲೋ ವೋಲ್ಟೇಜ್. ಒಂದೇ ಸ್ಲಾಟ್ (ಕಾಯಿಲ್ ಕೂರೋ ಸಂದು) ಹತ್ರ ಚುಕ್ಕೆ ಥರ ಸುಟ್ಟು ಮಿಕ್ಕಿದ್ದೆಲ್ಲ ಶುಭ್ರವಾಗಿದ್ರೆ ಇನ್ಸುಲೇಷನ್ ದೋಷ ಅಂತ ಗಟ್ಟಿಯಾಗಿ ಕೇಳಬಹುದು. ಹಾಗಾಗಿ "ಕಾಯಿಲ್ ಸುಟ್ರೆ ಇಲ್ಲ" ಅನ್ನೋದು ಪೂರ್ತಿ ಸರಿಯಲ್ಲ. ಕಂಪನಿಯ ಸರ್ವೀಸ್ ಸೆಂಟರಲ್ಲಿ ನಿಮ್ಮೆದುರೇ ಬಿಚ್ಚಿಸಿ, ಫೋಟೊ ತೆಗೀರಿ, ಕಾರಣ ಬರೆಸಿಕೊಳ್ಳಿ.

ಕಂಡೆನ್ಸರ್ ಹಾಕಿ ಎರಡು ಫೇಸಲ್ಲಿ ಓಡಿಸಿದ್ದೀರಾ? ಹಾಗಿದ್ರೆ ಆಸೆ ಬಿಡಿ.

ಪ್ರಶ್ನೆ ಕೇಳಿದವರು
ಕಂಡೆನ್ಸರ್ ಇಲ್ಲ. ಸ್ಟಾರ್ಟರಲ್ಲಿ ಪ್ರಿವೆಂಟರ್ (ಒಂದು ಫೇಸ್ ಹೋದ್ರೆ ಮೋಟರ್ ನಿಲ್ಲಿಸೋ ಸಾಧನ) ಇದೆ. ಮೋಟರ್ ಎತ್ತಿದ ಕೂಲಿ ಕೊಡ್ತಾರಾ?

ಉತ್ತರ – ಗ್ರಾಹಕ ಹಕ್ಕು, ಬಂಗಾರಪೇಟೆ
ಎತ್ತೋ, ಇಳಿಸೋ ಕೂಲಿ, ಬೆಳೆ ನಷ್ಟ ಸಾಮಾನ್ಯವಾಗಿ ಕಾರ್ಡಲ್ಲೇ ಹೊರಗಿಟ್ಟಿರ್ತಾರೆ. ಹಿಂಭಾಗದ ಸಣ್ಣಕ್ಷರ ಓದಿ. ಅವಧಿ ಬಿಲ್ ದಿನದಿಂದಲೋ, ಕಾರ್ಖಾನೆಯಿಂದ ಹೊರಟ ದಿನದಿಂದಲೋ ಅಂತಲೂ ನೋಡಿ. ಎಷ್ಟೋ ಕ್ಲೇಮ್ ಕೆಡೋದು ಅಲ್ಲೇ.

ಬಿಲ್ಲಲ್ಲಿರೋ ಸೀರಿಯಲ್ ನಂಬರ್ ನೇಮ್‌ಪ್ಲೇಟ್‌ಗೆ ಹೊಂದಬೇಕು. ದೂರನ್ನ ಬರವಣಿಗೆಯಲ್ಲೇ ಕೊಟ್ಟು ನಂಬರ್ ಪಡೀರಿ, ಬಾಯಿಮಾತು ನಿಲ್ಲಲ್ಲ. ಒಪ್ಪದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಜಗ್ಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಕಂಪನಿ ಎಲ್ಲೇ ಇರಲಿ, ನೀವು ವಾಸ ಇರೋ ಜಿಲ್ಲೆಯಲ್ಲೇ ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ, ಗಡುವು 2 ವರ್ಷ. ಜೀವನೋಪಾಯಕ್ಕೆ ತಾವೇ ಬೇಸಾಯ ಮಾಡೋರು ಗ್ರಾಹಕರೇ. ಆಯೋಗ ಮೋಟರನ್ನ ಪ್ರಯೋಗಾಲಯದ ಪರೀಕ್ಷೆಗೂ ಕಳಿಸಬಹುದು, ಆದ್ದರಿಂದಲೇ ಹೊರಗಿನವರ ಕೈಲಿ ಬಿಚ್ಚಿಸಬೇಡಿ.